ಮೂರು ಸುತ್ತಿನ ಶೈಲಜಮ್ಮ

ಭಾನುವಾರ, ಬೆಳಗಿನ ಐದೂಮುಕ್ಕಾಲು. ಚಿಕ್ಕಪೇಟೆಯ ರೇಷ್ಮೆ ಅಂಗಡಿಗಳ ಷಟರ್ ಇನ್ನೂ ಮೇಲೆದ್ದಿಲ್ಲ. ಅವುಗಳ ಮುಂದಿನ ರಸ್ತೆಯಲ್ಲಿ ಮಾತ್ರ ಆಗಲೇ ಸಂಡೇ ಬಜಾರಿನ ಗದ್ದಲ. ಗೋಣಿಚೀಲ, ಹಳೇ ಫ್ಲೆಕ್ಸು, ಹರಿದ ಬೆಡ್‌ಶೀಟು ಹಾಸಿಕೊಂಡು ಕೂತವರ ಎದುರು ಊರು ಬೇಡವೆಂದು ಹೊರಹಾಕಿದ್ದೆಲ್ಲ ಬಿದ್ದಿದೆ. ಮಿಕ್ಸಿ ಜಾರು, ಯಾರದೋ ಕನ್ನಡಕ, ಕಿವಿಯಿಲ್ಲದ ಟೆಲಿಫೋನು. ಮೊಬೈಲ್ ಟಾರ್ಚು ಹಿಡಿದು ಬಗ್ಗಿ ಬಗ್ಗಿ ಹುಡುಕುವ ಗಂಡಸರ ನಡುವೆ, ಸೀರೆಯ ಮೇಲೆ ಸ್ವೆಟರು ತೊಟ್ಟು ತಲೆಗೆ ಮಫ್ಲರ್ ಸುತ್ತಿದ ಒಬ್ಬ ಹೆಂಗಸು ದಡದಡನೆ ನಡೆದು ಹೋಗುತ್ತಿದ್ದಾರೆ. ಹಣೆಯ ಮೇಲೆ ಮೂರೆಳೆ ವಿಭೂತಿ, ಹೆಗಲಲ್ಲಿ ಬಟ್ಟೆಯ ಚೀಲ. ಅಂಗಡಿ ಅಂಗಡಿಗೂ ನಿಲ್ಲುವ ವ್ಯವಧಾನ ಆಕೆಗಿಲ್ಲ. ಎಲ್ಲಿ ಕ್ಯಾಮೆರಾ ಇದೆಯೋ ಅಲ್ಲಿ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ.

"ಅಕ್ಕಾ, ಇಲ್ಲ್ ಬನ್ನಿ! ನಿಮಗೇ ಅಂತ ಎತ್ತಿಟ್ಟಿದೀನಿ, ಬೇರೆಯೋರಿಗೆ ತೋರ್ಸೇ ಇಲ್ಲ," ಎಂದು ಕೂಗುತ್ತಾಳೆ ಗುಜರಿ ಸಾಮಾನು ಮಾರುವ ಅಂಜಮ್ಮ. ಇದೇ ಮಾತನ್ನು ಆಕೆ ಆಗಲೇ ಇಬ್ಬರಿಗೆ ಹೇಳಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತು.

ಅಂಜಮ್ಮ ಕೊಟ್ಟ ಕ್ಯಾಮೆರಾವನ್ನು ಶೈಲಜಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಬೇರೆಯವರಾದರೆ ಮೊದಲು ಲೆನ್ಸಿಗೆ ಟಾರ್ಚು ಬಿಡುತ್ತಾರೆ. ಈಕೆ ಎಡಗಡೆಯ ಮೂಲೆಯಲ್ಲಿರುವ ಫಿಲ್ಮ್ ಹಿಂದಕ್ಕೆ ಸುತ್ತುವ ಸಣ್ಣ ಗುಬುಟನ್ನು ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತಾರೆ. "ಒಂದು... ಎರಡು... ಮೂರು. ಖಾಲಿ." ಆಮೇಲೆಯೇ ಹಿಂದಿನ ಬಾಗಿಲು ತೆಗೆಯುವುದು. ಒಳಗೆ ಮೂಗಿಟ್ಟು ಬೂಷ್ಟಿನ ವಾಸನೆ ಇದೆಯೇ ನೋಡುತ್ತಾರೆ, ಕಿವಿಗೆ ಹಿಡಿದು ಷಟರ್ ಒತ್ತುತ್ತಾರೆ. ಟಕ್ ಎಂದರೆ ಜೀವ ಇದೆ. ಟ...ಕ್ ಎಂದರೆ ಎಣ್ಣೆ ಗಟ್ಟಿಯಾಗಿದೆ, ಬಿಚ್ಚಬೇಕು. ಸದ್ದೇ ಇಲ್ಲದಿದ್ದರೆ ಬಿಡಿಭಾಗಗಳ ಡಬ್ಬಿಗೆ.

ಆ ಮೂರು ಸುತ್ತು ಏಕೆ ಎಂದರೆ, ಒಳಗೆ ಯಾರೋ ಮರೆತ ಫಿಲ್ಮ್ ರೋಲ್ ಇದ್ದರೆ ಗುಬುಟು ಬಿಗಿಯುತ್ತದೆ. ಬಿಗಿದರೆ ಬಾಗಿಲು ತೆಗೆಯಕೂಡದು. ಬೆಳಕು ಬಿದ್ದರೆ ಚಿತ್ರಗಳು ಹೋದವು. ಒಳಗೆ ರೋಲು ಸಡಿಲವಾಗಿ ಸುತ್ತಿದ್ದರೆ ಮೊದಲ ಸುತ್ತಿನಲ್ಲಿ ಗೊತ್ತಾಗುವುದಿಲ್ಲ, ಎರಡನೆಯದರಲ್ಲೂ ಅನುಮಾನ. ಮೂರನೆಯದು ಸುಳ್ಳು ಹೇಳುವುದಿಲ್ಲ. ಬಜಾರಿನವರು ಈಕೆಗೆ ಇಟ್ಟಿರುವ ಹೆಸರೇ 'ಮೂರು ಸುತ್ತಿನಮ್ಮ'.

ಇವತ್ತು ಆ ಗುಬುಟು ತಿರುಗಿಸುವಾಗ ಶೈಲಜಮ್ಮನ ಬೆರಳು ನಡುಗುತ್ತಿದೆ.

"ಯಾಕಕ್ಕಾ, ಚಳಿನಾ?"

"ಚಳಿ ಅಲ್ಲ ಕಣೇ ಅಂಜಮ್ಮ. ಪಾಪ," ಎನ್ನುತ್ತಾರೆ. ಅಂಜಮ್ಮನಿಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಳ್ಳಲು ಪುರಸೊತ್ತೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ಇಸ್ತ್ರಿಪೆಟ್ಟಿಗೆ ಎತ್ತಿ ನೋಡುತ್ತಿದ್ದಾನೆ.

ಪಾಪ ನಡೆದದ್ದು ಹಿಂದಿನ ಸೋಮವಾರ. ಬಸವನಗುಡಿಯ ಕೋಕಿಲಾ ಎಂಬುವರು ರಿಪೇರಿಗೆ ಕೊಟ್ಟ ಯಾಷಿಕಾ ಕ್ಯಾಮೆರಾದ ಬಾಗಿಲನ್ನು ಶೈಲಜಮ್ಮ ಅರ್ಧ ಸುತ್ತಿಗೇ ತೆಗೆದುಬಿಟ್ಟರು. ಒಳಗೆ ರೋಲ್ ಇತ್ತು. ತಕ್ಷಣ ಮುಚ್ಚಿದರೂ ಎರಡು ಸೆಕೆಂಡು ಬಿಸಿಲು ಒಳಗೆ ಹೋಗಿತ್ತು. ಮೂವತ್ತು ವರ್ಷದಿಂದ ಅಟ್ಟದ ಮೇಲಿದ್ದ ಕ್ಯಾಮೆರಾ ಅದು. ಒಳಗೆ ರೋಲ್ ಇರುವುದು ಅದರ ಒಡತಿಗೇ ಗೊತ್ತಿಲ್ಲ. ಶೈಲಜಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಈ ಭೂಮಿಯ ಮೇಲೆ ಯಾರಿಗೂ ತಿಳಿಯುವುದಿಲ್ಲ. ಅದೇ ಈಗ ಆಕೆಯನ್ನು ಕೂತಲ್ಲಿ ಕೂರಿಸದೆ, ನಿಂತಲ್ಲಿ ನಿಲ್ಲಿಸದೆ ಕಾಡುತ್ತಿರುವುದು.

ಚಾಮರಾಜಪೇಟೆಯ ಒಂದು ವಠಾರದ ಮೂರನೇ ಮನೆ ಶೈಲಜಮ್ಮನದು. ವಯಸ್ಸು ಅರವತ್ತಕ್ಕೆ ಒಂದು ಕಡಿಮೆ. ಮುಂಬಾಗಿಲ ಪಕ್ಕದ ಕಿಟಕಿಗೆ ತಾಗಿದಂತೆ ಹಳೇ ಹೊಲಿಗೆ ಯಂತ್ರದ ಮೇಜು, ಅದೇ ಕಾರ್ಖಾನೆ. ವಾಚ್ ರಿಪೇರಿಯವರ ತಿರುಪುಳಿ, ಚಿಮುಟ, ಮುರಿದ ಬಳಪದಂಥ ಒಂದಿಷ್ಟು ರಬ್ಬರು. ನಡುವೆ ಒಂದು ಇಡ್ಲಿ ತಟ್ಟೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುವುದು, ಜೋಡಿಸುವಾಗ ಹಿಂದಿನಿಂದ ಬರುವುದು. ಒಂದು ಕ್ಯಾಮೆರಾದಲ್ಲಿ ಎಪ್ಪತ್ತು ಎಂಬತ್ತು ಸ್ಕ್ರೂ, ಕೆಲವು ಸಾಸಿವೆಗಿಂತ ಚಿಕ್ಕವು. "ಒಂದ್ ಸಲ ನಮ್ಮೆಜಮಾನ್ರು ತಟ್ಟೆ ತೊಳೆದು ಇಡ್ಲಿ ಹುಯ್ಯೋಕೆ ಹೊರಟಿದ್ರು. ಅವತ್ತಿಂದ ಅಡುಗೆಮನೆಗೆ ಬೇರೆ ತಟ್ಟೆ, ನನಗೆ ಬೇರೆ," ಎನ್ನುತ್ತಾರೆ.

ಯಜಮಾನರು ನಂಜುಂಡಯ್ಯ. ಮಾಮೂಲ್‌ಪೇಟೆಯ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದು ಈಗ ಮನೆಯಲ್ಲಿದ್ದಾರೆ. ಕ್ಯಾಮೆರಾ ಹಿಡಿದು ಬಂದವರು ಇವರನ್ನೇ ನೋಡಿ "ಸಾರ್, ರಿಪೇರಿಗೆ..." ಎಂದು ಶುರುಮಾಡುವುದು ಮಾಮೂಲು. ನಂಜುಂಡಯ್ಯ ಕೈ ಎತ್ತಿ ಹೆಂಡತಿಯ ಕಡೆ ತೋರಿಸುತ್ತಾರೆ. "ಅಲ್ಲಿ ಕೇಳಿ ಸ್ವಾಮಿ. ನಾನು ಬರೀ ಕಾಫಿ ಇಲಾಖೆ."

ಬಂದವರು ನಂಬುವುದಿಲ್ಲ. ಒಬ್ಬ ವಕೀಲರಂತೂ ಅರ್ಧ ಗಂಟೆ ಕೂತು, ಕಾಫಿ ಕುಡಿದು, "ಮೆಕ್ಯಾನಿಕ್ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದ್ದರಂತೆ. ಅಷ್ಟು ಹೊತ್ತಿಗೆ ಶೈಲಜಮ್ಮ ಅವರ ಕ್ಯಾಮೆರಾ ಬಿಚ್ಚಿ, ಒರೆಸಿ, ಜೋಡಿಸಿ ಮುಗಿಸಿದ್ದರು. "ಬಂದು ಹೋದ್ರು ಸಾರ್, ತಗೊಳ್ಳಿ" ಎಂದು ಕೈಗಿತ್ತರಂತೆ. ಈಗ ಆ ವಕೀಲರೇ ತಿಂಗಳಿಗೊಬ್ಬರನ್ನು ಕಳಿಸಿಕೊಡುತ್ತಾರೆ.

ಶೈಲಜಮ್ಮ ಶ್ರೀರಾಂಪುರದಲ್ಲಿ ಹುಟ್ಟಿ ಬೆಳೆದವರು. ಅಪ್ಪನಿಗೆ ಗಿರಣಿಯಲ್ಲಿ ಕೆಲಸ. ಹದಿನೆಂಟು ತುಂಬುತ್ತಲೇ ಮಲ್ಲೇಶ್ವರದ ಚಂದ್ರಿಕಾ ಸ್ಟುಡಿಯೋಗೆ ಸೇರಿದರು, ಟಚಿಂಗ್ ಕೆಲಸಕ್ಕೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಅಳಿಸುವ ಕೆಲಸ ಅದು. "ಮಲ್ಲೇಶ್ವರದ ಅರ್ಧ ಮದುಮಕ್ಕಳ ಮುಖ ನಾನೇ ತಿದ್ದಿರೋದು. ಯಾರಿಗೆ ಎಷ್ಟು ಮೊಡವೆ ಇತ್ತು ಅಂತ ಈಗ್ಲೂ ಹೇಳ್ತೀನಿ, ಆದ್ರೆ ಹೇಳಲ್ಲ ಬಿಡಿ." ಟಚಿಂಗಿನಿಂದ ರೋಲ್ ತೊಳೆಯುವ ಕತ್ತಲೆ ಕೋಣೆಗೆ, ಅಲ್ಲಿಂದ ಕೆಟ್ಟ ಕ್ಯಾಮೆರಾ ಬಿಚ್ಚುವ ಮೇಜಿಗೆ. ಎಲ್ಲ ಕಲಿಸಿದ್ದು ಸ್ಟುಡಿಯೋ ಮಾಲೀಕ ಶೀನಣ್ಣ. ಮುಂಗೋಪಿ, ಆದರೆ ವಿದ್ಯೆ ಬಚ್ಚಿಟ್ಟುಕೊಳ್ಳುವ ಜಾತಿಯಲ್ಲ. ಮೂರು ಸುತ್ತಿನ ಪಾಠವೂ ಅವರದೇ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು, ರೋಲು ಬಾಗಿಲು ತೆಗೆದ್ರೆ ಹೋಯ್ತು. ಗಿರಾಕಿ ಹೇಳೋದನ್ನ ನಂಬಬೇಡ ಶೈಲಾ, ಗುಬುಟು ಹೇಳೋದನ್ನ ನಂಬು," ಅನ್ನುತ್ತಿದ್ದರಂತೆ.

ಅವರದು ಇನ್ನೊಂದು ಕಟ್ಟಳೆಯಿತ್ತು. ತೊಳೆಯುವಾಗ ಯಾರದಾದರೂ ರೋಲ್ ಕೆಟ್ಟರೆ ಕೆಡಿಸಿದವರೇ ಆ ಮನೆಗೆ ಹೋಗಿ ಹೇಳಬೇಕು. ಆಳು ಕಳಿಸುವಂತಿಲ್ಲ, ಫೋನ್ ಮಾಡುವಂತಿಲ್ಲ, ಗಿರಾಕಿ ಬರಲಿ ಎಂದು ಕಾಯುವಂತಿಲ್ಲ. ಸ್ಟುಡಿಯೋದಲ್ಲಿದ್ದ ಇಪ್ಪತ್ಮೂರು ವರ್ಷದಲ್ಲಿ ಶೈಲಜಮ್ಮ ಹಾಗೆ ಹೋದದ್ದು ಎರಡೇ ಸಲ. ಒಂದು ನಾಮಕರಣ, ಒಂದು ಷಷ್ಟಿಪೂರ್ತಿ. ನಾಮಕರಣದ ಮನೆಯಲ್ಲಿ ಮಗುವಿನ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಬೀದಿಗೆಲ್ಲ ಕೇಳುವಂತೆ ಬೈದರು. ಷಷ್ಟಿಪೂರ್ತಿಯ ಮನೆಯವರು ಏನೂ ಅನ್ನದೆ ಊಟ ಹಾಕಿದರು. "ಬೈಸ್ಕೊಂಡಿದ್ದೇ ವಾಸಿ ಅನ್ನಿಸ್ತು. ಆ ಊಟ ಗಂಟ್ಲಲ್ಲಿ ಇಳೀಲೇ ಇಲ್ಲ," ಎಂದು ನೆನೆಯುತ್ತಾರೆ.

ಡಿಜಿಟಲ್ ಬಂತು, ಮೊಬೈಲ್ ಬಂತು, ಚಂದ್ರಿಕಾ ಸ್ಟುಡಿಯೋ ಬಾಗಿಲು ಹಾಕಿತು. ಶೀನಣ್ಣ ಪ್ರಿಂಟ್ ಹಾಕುವ ಹಳೇ ಎನ್‌ಲಾರ್ಜರ್ ಮತ್ತು ಮೂರು ಪೆಟ್ಟಿಗೆ ಬಿಡಿಭಾಗ ಇವರ ಮನೆಗೆ ಕಳಿಸಿ, ಒಂದು ವರ್ಷದಲ್ಲಿ ತಾವೂ ಲೋಕ ಬಿಟ್ಟು ಹೊರಟುಹೋದರು. ಆ ಪೆಟ್ಟಿಗೆಗಳು ಎಂಟು ವರ್ಷ ಮಂಚದಡಿ ಇದ್ದವು. ಶೈಲಜಮ್ಮ ಹಪ್ಪಳ ಮಾಡಿದರು, ಸೀರೆಗೆ ಫಾಲ್ ಹೊಲಿದರು. "ಕೈ ಕೆಲ್ಸ ಮಾಡ್ತಿತ್ತು, ತಲೆ ಮಾತ್ರ ಖಾಲಿ ಖಾಲಿ. ಹುಚ್ಚು ಹಿಡಿಯೋ ಹಾಗಾಗೋದು," ಎನ್ನುತ್ತಾರೆ. ಆಮೇಲೆ ಒಂದು ದಿನ ಜಯನಗರದ ಹಲ್ಲಿನ ಡಾಕ್ಟರು ಆರಾಧನಾ ಎಂಬುವರು ಯಾರಿಂದಲೋ ವಿಳಾಸ ಪಡೆದು, ನಿಂತುಹೋದ ರಷ್ಯಾ ಕ್ಯಾಮೆರಾ ಹಿಡಿದು ಬಾಗಿಲಿಗೆ ಬಂದರು. ಹಳೇ ಫಿಲ್ಮ್ ಕ್ಯಾಮೆರಾಗಳ ಹುಚ್ಚು ಊರಲ್ಲಿ ಮತ್ತೆ ಶುರುವಾಗಿದೆ ಎಂದು ಶೈಲಜಮ್ಮನಿಗೆ ತಿಳಿದದ್ದೇ ಆಗ.

ಈಗ ವಾರಕ್ಕೆ ನಾಲ್ಕೈದು ರಿಪೇರಿ, ಭಾನುವಾರದ ಬಜಾರಿನಿಂದ ಎರಡೋ ಮೂರೋ ಹೊಸ ಹಳೆಯವು. ಬಜಾರಿನಲ್ಲಿ ಕೈಗೆ ಸಿಗುವ ಹತ್ತರಲ್ಲಿ ಎರಡಕ್ಕೆ ಜೀವ ಬರುತ್ತದೆ. ಕೊಳ್ಳಲು ಬಂದವರಿಗೆ ಈಕೆ ಸುಮ್ಮನೆ ಮಾರುವುದೂ ಇಲ್ಲ. ಕ್ಯಾಮೆರಾ ಕೈಗೆ ಕೊಟ್ಟು ವಠಾರದ ಅಂಗಳದಲ್ಲಿ ಹತ್ತು ನಿಮಿಷ ಓಡಾಡಿಸುತ್ತಾರೆ. ಭಾರ ಒಗ್ಗುತ್ತದೆಯೇ, ಕಣ್ಣಿಗೆ ಹೊಂದುತ್ತದೆಯೇ ನೋಡಬೇಕು. "ಚಪ್ಲಿ ಹಾಕ್ಕೊಂಡು ನೋಡಲ್ವಾ? ಹಾಗೇ ಇದು. ಚಂದ ಇದೆ ಅಂತ ತಗೊಂಡು ಹೋಗಿ ಷೋಕೇಸಲ್ಲಿ ಇಡೋರಿಗೆ ನಾನ್ ಕೊಡಲ್ಲ. ಮೂವತ್ತಾರು ಫೋಟೊ ಹೊಡ್ದು ತೊಳ್ಸಿ ತಂದು ತೋರಿಸ್ಬೇಕು ನನಗೆ." ತೋರಿಸಲು ಬಂದವರಿಗೆ ಕಾಫಿ ಇಲಾಖೆಯಿಂದ ಕಾಫಿ.

ಕಷ್ಟ ಇಲ್ಲವೆಂದಲ್ಲ. ಸೋರಿದ ಬ್ಯಾಟರಿಯ ರಸ ತಾಗಿ ಎರಡು ಬೆರಳ ತುದಿ ಸುಲಿದಿವೆ. ಮಧ್ಯಾಹ್ನ ಮೂರರ ಮೇಲೆ ಕಣ್ಣು ಮಂಜಾಗುತ್ತದೆ, ಆದ್ದರಿಂದ ಬೆಳಿಗ್ಗೆ ಆರಕ್ಕೇ ಮೇಜಿಗೆ ಕೂರುತ್ತಾರೆ. ಕೂರುತ್ತಾರೆ ಎನ್ನುವುದು ಮಾತಿಗೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ, ಮತ್ತೆ ಮೇಜಿಗೆ. ಈ ವಾರವಂತೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಆಡುತ್ತಿದ್ದಾರೆ ಎಂದು ನಂಜುಂಡಯ್ಯನವರ ದೂರು.

ಆ ಸೋಮವಾರ ಅರ್ಧ ಸುತ್ತಿಗೇ ನಿಲ್ಲಿಸಿದ್ದೇಕೆ? ಕೇಳಿದರೆ ಶೈಲಜಮ್ಮ ತಲೆ ತಗ್ಗಿಸುತ್ತಾರೆ. ಕೋಕಿಲಾ ಕ್ಯಾಮೆರಾ ಕೊಡುವಾಗ, "ಒಳಗೇನೂ ಇಲ್ಲ ಮೇಡಂ, ಮೂವತ್ತು ವರ್ಷದಿಂದ ಮುಟ್ಟೇ ಇಲ್ಲ" ಎಂದಿದ್ದರು. ನಂಬಿದರು. ಎಷ್ಟು ಫೋಟೊ ಆಗಿದೆ ಎಂದು ತೋರಿಸುವ ಕಿಂಡಿಯ ಗಾಜು ಮಂಕಾಗಿತ್ತು, ಒರೆಸಿ ನೋಡಲಿಲ್ಲ. ಬೆಳಕು ತಡೆಯಲು ಬಾಗಿಲ ಅಂಚಿಗೆ ಹಾಕಿರುವ ಸ್ಪಂಜು ಕರಗಿ ಟಾರಿನಂತಾಗಿದೆಯೇ ಎಂದು ಬೇಗ ನೋಡಿಬಿಡುವ ಆತುರ. "ನಲವತ್ತು ವರ್ಷದ ವಿದ್ಯೆ ಅನ್ನೋ ಕೊಬ್ಬು ಕಣ್ರೀ. ಬೇರೆ ಏನಿಲ್ಲ," ಎನ್ನುತ್ತಾರೆ.

ರೋಲನ್ನು ಹಿಂದಕ್ಕೆ ಸುತ್ತಿ, ಕಪ್ಪು ಡಬ್ಬಿಗೆ ಹಾಕಿ, ದೇವರ ಗೂಡಿನ ಪಕ್ಕ ಇಟ್ಟರು. ಪ್ರತಿದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅದು ಕಣ್ಣಿಗೆ ಬೀಳುತ್ತದೆ. ಮೂರು ದಿನ ಬಿಟ್ಟು ಬಸವನಗುಡಿಗೆ ಹೊರಟರು. ಗಾಂಧಿ ಬಜಾರಿನವರೆಗೆ ನಡೆದು, ಕೋಕಿಲಾ ಅವರ ಬೀದಿಯ ತಿರುವಿನಲ್ಲಿ ನಿಂತು, ಎರಡು ಮೊಳ ಹೂವು ಕೊಂಡು ವಾಪಸು ಬಂದರು. ಮಾರನೇ ದಿನ ಮತ್ತೆ ಹೋಗಿ ಅವರೇಕಾಯಿ ತಂದರು. ಶನಿವಾರ ಏನೂ ಕೊಳ್ಳದೆ ಬರಿಗೈಲಿ ಬಂದರು.

"ಲೇ, ಯಾರಿಗ್ ಗೊತ್ತಾಗತ್ತೆ ಬಿಡೇ," ಎಂದರು ನಂಜುಂಡಯ್ಯ. "ಆ ತಾಯಿಗೇ ನೆನಪಿಲ್ಲ. ಸ್ಪಂಜು ಹಾಕು, ಕೊಟ್ಟುಬಿಡು."

"ನನಗೆ ಗೊತ್ತಲ್ರೀ."

"ನಿನಗೆ ಗೊತ್ತಿರೋದು ಇಷ್ಟಿದೆ, ಎಲ್ಲಾ ಊರಿಗೆ ಡಂಗುರ ಹೊಡೀತೀಯಾ?"

"ನಾಳೆ ಬಜಾರಲ್ಲಿ ಮೂರು ಸುತ್ತಿನಮ್ಮ ಅಂತ ಕರೀತಾರಲ್ಲ, ಯಾವ ಮುಖ ಇಟ್ಕೊಂಡು ಓ ಅನ್ಲಿ?"

ನಂಜುಂಡಯ್ಯ ಪೇಪರು ಮಡಚಿ ಕಾಫಿ ಇಲಾಖೆಗೆ ಹೋದರು.

ಭಾನುವಾರ ಬಜಾರು ಮುಗಿಯಿತು. ಮಂಗಳವಾರ ಕೋಕಿಲಾ ಅವರದೇ ಫೋನು. "ಮೇಡಂ, ನನ್ನ ಕ್ಯಾಮೆರಾ ರೆಡಿ ಆಯ್ತಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಶೈಲಜಮ್ಮ ತಡಬಡಾಯಿಸಿದರು. "ಇನ್ನೂ... ಸ್ಪಂಜು ಬಂದಿಲ್ಲ ತಾಯಿ." ಸ್ಪಂಜು ಒಂದು ಡಬ್ಬಿ ತುಂಬ ಎದುರಿಗೇ ಇತ್ತು. ಈ ಸುಳ್ಳು ಬಾಯಿಂದ ಬಿದ್ದದ್ದೇ ತಡ, ಇನ್ನು ತಾಳಲಾರೆ ಅನ್ನಿಸಿಬಿಟ್ಟಿತು. ಬುಧವಾರ ಬೆಳಿಗ್ಗೆ ಎಂಟಕ್ಕೆಲ್ಲ ಬಸವನಗುಡಿಯ ಆ ಮನೆಯ ಕರೆಗಂಟೆ ಒತ್ತಿಯೇ ಬಿಟ್ಟರು.

ಕೋಕಿಲಾ ಐವತ್ತು ದಾಟಿದವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಕ್ಯಾಮೆರಾ ಅವರ ಸ್ವಂತದ್ದು. ಡಿಗ್ರಿ ಓದುವಾಗ ಸೋದರಮಾವ ತಂದುಕೊಟ್ಟದ್ದು. ಮೊಬೈಲಿನಲ್ಲಿ ಹನ್ನೆರಡು ಸಾವಿರ ಫೋಟೊ ಇದ್ದರೂ ಒಂದನ್ನೂ ತಿರುಗಿ ನೋಡುವುದಿಲ್ಲ ಎಂಬ ಬೇಸರಕ್ಕೆ ಅಟ್ಟದಿಂದ ಇಳಿಸಿದ್ದಾರೆ. ಶಾಲೆಗೆ ಹೊರಟು ನಿಂತಿದ್ದವರು ಬಾಗಿಲಲ್ಲೇ ಎಲ್ಲವನ್ನೂ ಕೇಳಿದರು. ಕೇಳಿ ನಕ್ಕುಬಿಟ್ಟರು.

"ಅಯ್ಯೋ, ಇದನ್ನ ಹೇಳೋಕೆ ಅಷ್ಟು ದೂರದಿಂದ ನಡ್ಕೊಂಡು ಬಂದ್ರಾ? ರೋಲ್ ಇತ್ತು ಅನ್ನೋದೇ ನನಗೆ ನೆನಪಿಲ್ಲ. ಬಿಸಾಕಿ ಮೇಡಂ. ತಲೆ ಕೆಡಿಸ್ಕೋಬೇಡಿ."

ಅಲ್ಲಿಗೆ ಮುಗಿಯಬಹುದಿತ್ತು. ಶೈಲಜಮ್ಮನ ಎದೆಯ ಮೇಲಿನ ಕಲ್ಲು ಇಳಿದು, ಗಾಂಧಿ ಬಜಾರಿನಲ್ಲಿ ನಿಂತು ಒಂದು ಮಸಾಲೆದೋಸೆ ತಿಂದು ಮನೆಗೆ ಹೋಗಬಹುದಿತ್ತು. ಆದರೆ ಈ ಹೆಂಗಸಿನ ಬಾಯಿ ಸುಮ್ಮನಿರಬೇಕಲ್ಲ! "ಬಿಸಾಕೋ ಮುಂಚೆ ಒಂದ್ಸಲ ತೊಳೆದು ನೋಡ್ಲಾ? ಒಳಸುತ್ತಲ್ಲಿ ಇರೋದು ನಾಲ್ಕಾರು ಉಳಿದಿರಬಹುದು," ಎಂದು ಕೇಳಿದರು. ನಿಮ್ಮಿಷ್ಟ ಎಂದು ಹೇಳಿ ಕೋಕಿಲಾ ಆಟೋ ಹತ್ತಿದರು.

ಗುರುವಾರ ಮಧ್ಯಾಹ್ನ ವಠಾರದ ಮೂರನೇ ಮನೆಯ ಬಚ್ಚಲು ಕತ್ತಲೆ ಕೋಣೆಯಾಗುತ್ತದೆ. ಕಿಟಕಿಗೆ ಎರಡು ಮಡಿಕೆ ಕಂಬಳಿ, ಬಾಗಿಲ ಸಂದಿಗೆ ನಂಜುಂಡಯ್ಯನವರ ಹಳೇ ಪಂಚೆ. ಇಂಥ ದಿನ ಅವರಿಗೆ ಸ್ನಾನ ಸಂಜೆಗೆ. ಕಲರ್ ರೋಲಾದರೂ ಅಷ್ಟು ಹಳೆಯದರಲ್ಲಿ ಬಣ್ಣ ಉಳಿದಿರುವುದಿಲ್ಲ, ಕಪ್ಪು ಬಿಳುಪಿನದೆಂದೇ ತೊಳೆಯಬೇಕು. ನೀರಿನ ಬಿಸಿ ಮೊಣಕೈಯಲ್ಲಿ ನೋಡಿ, ಔಷಧಿ ಬೆರೆಸಿ, ಡಬ್ಬಿ ಅಲ್ಲಾಡಿಸುತ್ತಾ ಶೈಲಜಮ್ಮ ವಚನವೊಂದನ್ನು ಗುಣುಗುತ್ತಾರೆ. ಇಷ್ಟು ಸಲ ಹೇಳಿದರೆ ಇಷ್ಟು ನಿಮಿಷ ಎಂಬ ಲೆಕ್ಕ ಅದು.

ರೋಲ್ ಹೊರಬರುತ್ತದೆ. ಇಪ್ಪತ್ತೆರಡು ಫೋಟೊ ತೆಗೆದಿದ್ದಾರೆ. ಹದಿನಾರು ಪೂರ್ತಿ ಹೋಗಿವೆ, ನೆಗೆಟಿವ್ ಇದ್ದಿಲಿನಂತೆ ಕಪ್ಪು. ಸುರುಳಿಯ ಒಳಸುತ್ತಿನಲ್ಲಿದ್ದ ಮೊದಲ ಆರು ಉಳಿದಿವೆ. ಶುಕ್ರವಾರ ಅವುಗಳ ಪ್ರಿಂಟ್ ಹಾಕುತ್ತಾರೆ. ಒಂದರಲ್ಲಿ ತಾರಸಿಯ ಗೋಡೆ, ಒಂದರಲ್ಲಿ ಪಂಚೆಯ ಮೇಲೆ ಒಣಗಲು ಹಾಕಿದ ಸಂಡಿಗೆ. ಒಂದರಲ್ಲಿ ಕಾಗೆ. ಮುಂದಿನದರಲ್ಲಿ ಕೋಲು ಹಿಡಿದು ಆ ಕಾಗೆಯನ್ನು ಅಟ್ಟುತ್ತಿರುವ ಅಜ್ಜಿ. ಐದನೆಯದು ಬಟ್ಟೆ ಒಣಹಾಕಿದ ತಂತಿ. ಆರನೆಯದು ಅಂಚಿನದು, ಬೆಳಕು ಅಲ್ಲಿಯವರೆಗೂ ನುಗ್ಗಿದೆ. ಪ್ರಿಂಟಿನಲ್ಲಿ ಮುಕ್ಕಾಲು ಭಾಗ ಬರೀ ಬಿಳಿ. ಕೆಳಗೆ, ಸುಟ್ಟುಹೋಗದ ಮೂಲೆಯಲ್ಲಿ ಎರಡು ಪಾದ ಮಾತ್ರ ಕಾಣುತ್ತಿವೆ. ಗಂಡಸಿನ ಪ್ಯಾಂಟು, ಉದ್ದ ಜಾಸ್ತಿಯಾಯಿತೆಂದು ತುದಿಯನ್ನು ಮಡಚಿ ಮಡಚಿ ಮೇಲೆತ್ತಿದೆ. ಪಾದದ ಬೆರಳಲ್ಲಿ ಕಾಲುಂಗುರ.

ನಂಜುಂಡಯ್ಯ ಭೂತಗನ್ನಡಿ ಹಿಡಿದು ನೋಡುತ್ತಾರೆ. "ಇದು ಗಂಡಸೋ ಹೆಂಗಸೋ?"

"ಕಾಲುಂಗುರ ಹಾಕ್ಕೊಂಡಿರೋ ಗಂಡಸನ್ನ ಎಲ್ಲಿ ನೋಡಿದೀರಿ ನೀವು?"

"ಪ್ಯಾಂಟ್ ಇದ್ಯಲ್ಲೇ!"

ಮೇಲಿನ ಬಿಳಿಯಲ್ಲಿ ಒಂದು ಪೂರ್ತಿ ಆಳು ನಿಂತಿತ್ತು ಎಂಬುದು ಶೈಲಜಮ್ಮನಿಗೆ ಗೊತ್ತಾಗಿದೆ. ಆಮೇಲಿನ ಹದಿನಾರರಲ್ಲೂ ಅದೇ ಆಳು ಇತ್ತೋ ಏನೋ! ಬಚ್ಚಲಿನಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಬೀದಿಯಿಂದ ಬಚ್ಚಲಿಗೆ ಓಡಾಡುತ್ತಾರೆ.

"ಐದು ಕೊಡು," ಎನ್ನುತ್ತಾರೆ ನಂಜುಂಡಯ್ಯ, ಈ ಸಲ ಮೆತ್ತಗೆ. "ಆರನೇದು ಯಾಕೆ? ಚೆನ್ನಾಗೂ ಬಂದಿಲ್ಲ. ಆಯಮ್ಮ ನಗ್ತಾ ಬಿಸಾಕಿ ಅಂದಿದಾರೆ. ನಗ್ತಾನೇ ಇರ್ಲಿ ಬಿಡು."

ಅದು ಕೆಟ್ಟ ಸಲಹೆಯೇನಲ್ಲ. ಶೈಲಜಮ್ಮ ಐದನ್ನು ಒಂದು ಕವರಿಗೆ ಹಾಕುತ್ತಾರೆ. ಆರನೆಯದನ್ನು ಪಂಚಾಂಗದ ಕೆಳಗೆ ಇಡುತ್ತಾರೆ. ಶನಿವಾರ ಮಧ್ಯಾಹ್ನ ಹೊರಡುವಾಗ ಚಪ್ಪಲಿ ಮೆಟ್ಟಿದವರು ಬಿಚ್ಚಿ ಒಳಗೆ ಹೋಗಿ ಅದನ್ನೂ ಎತ್ತಿಕೊಂಡು ಬರುತ್ತಾರೆ. ನಂಜುಂಡಯ್ಯ ನೋಡಿಯೂ ನೋಡದವರಂತೆ ಕೂತಿರುತ್ತಾರೆ.

ಕೋಕಿಲಾ ಅವರ ಮನೆಯ ಊಟದ ಮೇಜಿನ ಮೇಲೆ ರಿಪೇರಿಯಾದ ಕ್ಯಾಮೆರಾ, ಪಕ್ಕದಲ್ಲಿ ಕವರು. ಕೋಕಿಲಾ ಒಂದೊಂದೇ ತೆಗೆದು ನೋಡುತ್ತಾರೆ. ಕಾಗೆ ನೋಡಿ ನಗು, ಕೋಲು ಹಿಡಿದ ಅಜ್ಜಿಯನ್ನು ನೋಡಿ ಇನ್ನೂ ಜೋರು ನಗು. "ಅಯ್ಯಯ್ಯೋ ನಮ್ಮಜ್ಜಿ! ಮಲ್ಲೇಶ್ವರದ ಮನೆ ತಾರಸಿ ಇದು. ಎಷ್ಟ್ ಚೆನ್ನಾಗ್ ತೊಳೆದಿದೀರಿ ಮೇಡಂ." ಆರನೆಯದು ಕೈಗೆ ಬರುತ್ತದೆ. ಮೊದಲು ತಿರುಗಾಮುರುಗಾ ಹಿಡಿದು ನೋಡುತ್ತಾರೆ. ಆಮೇಲೆ ಕನ್ನಡಕ ತೆಗೆದು ಹತ್ತಿರ ಹಿಡಿಯುತ್ತಾರೆ. ನಗು ನಿಲ್ಲುತ್ತದೆ.

"ಅಮ್ಮ."

ಫೋಟೊ ಕೈಯಲ್ಲಿಟ್ಟುಕೊಂಡೇ ಕೋಕಿಲಾ ಹೇಳುತ್ತಾರೆ. ಅವತ್ತು ಅಪ್ಪ ಊರಲ್ಲಿರಲಿಲ್ಲ. ಅಪ್ಪ ಹೆಡ್‌ಮಾಸ್ಟರು, ಮನೆಯಲ್ಲಿ ಜೋರಾಗಿ ನಗುವಂತಿರಲಿಲ್ಲ. ತಂತಿಯ ಮೇಲೆ ಒಣಗಿದ್ದ ಅಣ್ಣನ ಪ್ಯಾಂಟು ಷರ್ಟು ನೋಡಿ ಅಮ್ಮನಿಗೆ ಏನು ತೋಚಿತೋ, ಒಳಗೆ ಹೋಗಿ ಹಾಕಿಕೊಂಡು ಬಂದುಬಿಟ್ಟರು. ಕಣ್ಣಿಗೆ ಅಣ್ಣನ ಕೂಲಿಂಗ್ ಗ್ಲಾಸು, ಸೊಂಟದ ಮೇಲೆ ಕೈ. ಅಜ್ಜಿ ಕಾಗೆ ಬಿಟ್ಟು ಸೊಸೆಯ ಮೇಲೆ ಕೋಲೆತ್ತಿದರು. ಅಮ್ಮ ನಕ್ಕು ನಕ್ಕು ನೀರಿನ ತೊಟ್ಟಿ ಹಿಡಿದುಕೊಂಡರು.

"ಉಳಿದಿದ್ದೆಲ್ಲಾ ಅಮ್ಮನ್ನೇ ಹೊಡೆದೆ. ಸಾಕು ಸಾಕು ಅಂತಾನೇ ನಿಂತ್ಕೊಂಡ್ರು. ಆಮೇಲೆ ಹೆದರಿಕೊಂಡು, ತೊಳೆಸ್ಬೇಡ ಕಣೇ, ಸ್ಟುಡಿಯೋದೋರೆಲ್ಲಾ ನಿಮ್ಮಪ್ಪಂಗೆ ಪರಿಚಯ ಅಂದ್ರು. ತೊಳೆಸ್ಲಿಲ್ಲ. ಆ ವರ್ಷವೇ ಮದುವೆ ಆಗ್ಹೋಯ್ತು. ಮರೆತೇಹೋಯ್ತು." ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಗೋಡೆಯ ಮೇಲೆ ಹಾಕಿರುವ ಫೋಟೊದಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತಿದ್ದಾರೆ. "ಅವರು ನಗೋ ಫೋಟೊ ನಮ್ಮ ಹತ್ರ ಒಂದೂ ಇಲ್ಲ."

ಶೈಲಜಮ್ಮ ತಲೆಯೆತ್ತಿ ಗೋಡೆಯ ಆ ಫೋಟೊ ನೋಡುತ್ತಾರೆ.

"ಬಾಗಿಲು ಎಷ್ಟು ಹೊತ್ತು ತೆಗೆದಿತ್ತು?" ಎಂದು ಕೋಕಿಲಾ ಕೇಳುತ್ತಾರೆ.

"ಎರಡು ಸೆಕೆಂಡು."

"ಎರಡೇ?"

"ಎರಡೇ ತಾಯಿ."

ಕೋಕಿಲಾ ಫೋಟೊವನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಕಾಲುಂಗುರದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. "ನೀವು ಬಂದು ಹೇಳ್ದೇ ಇದ್ದಿದ್ರೆ ನನಗೆ ಇದು ನೆನಪೇ ಆಗ್ತಿರ್ಲಿಲ್ಲ," ಎನ್ನುತ್ತಾರೆ. ಅಷ್ಟು ಹೇಳಿ ಫೋಟೊ ಹಿಡಿದು ಒಳಗೆ ಹೋದವರು ಹೊರಗೆ ಬರುವುದಿಲ್ಲ. ಶೈಲಜಮ್ಮ ಕಾಯುತ್ತಾರೆ. ಗೋಡೆಯ ಗಡಿಯಾರ ನಾಲ್ಕು ಹೊಡೆಯುತ್ತದೆ. ಒಳಗಿನಿಂದ ಮೂಗೆಳೆದ ಸದ್ದು, ಆಮೇಲೆ ಫೋನಿನಲ್ಲಿ ಯಾರೊಂದಿಗೋ, "ಅಣ್ಣಾ, ನಿನ್ನ ಪ್ಯಾಂಟು ನೆನಪಿದ್ಯಾ?" ಎಂಬ ಮಾತು. ಅಳುವೋ ನಗುವೋ ತಿಳಿಯುವುದಿಲ್ಲ. ಶೈಲಜಮ್ಮ ಬಾಗಿಲು ಎಳೆದುಕೊಂಡು ಸದ್ದಿಲ್ಲದೆ ಹೊರಬೀಳುತ್ತಾರೆ.

ಚಾಮರಾಜಪೇಟೆಯವರೆಗೆ ನಡೆದೇ ಬರುತ್ತಾರೆ. ಮನೆ ಸೇರಿದ ಮೇಲೂ ಕೂರಲಾಗುವುದಿಲ್ಲ. ಇಡ್ಲಿ ತಟ್ಟೆಯಲ್ಲಿ ಯಾರದೋ ಕ್ಯಾಮೆರಾದ ಸ್ಕ್ರೂಗಳು ಕಾಯುತ್ತಿವೆ. ನಿಂತೇ ತಿರುಪುಳಿ ಎತ್ತಿಕೊಳ್ಳುತ್ತಾರೆ.

"ಏನಂದ್ರೇ ಆಯಮ್ಮ? ಬೈದ್ರಾ, ಇಲ್ಲಾ ಉಪಕಾರ ಅಂದ್ರಾ?" ನಂಜುಂಡಯ್ಯನವರಿಗೆ ಕೇಳದೆ ತಡೆಯಲಾಗದು.

"ಗೊತ್ತಾಗ್ಲಿಲ್ಲ ಕಣ್ರೀ. ಎರಡೂ ಇರಬೋದು."

"ಮತ್ತೆ ನೀನು ಏನಂತ ಅಂದ್ಕೊಂಡೆ?"

ಶೈಲಜಮ್ಮ ಒಂದು ಸ್ಕ್ರೂ ಕೂರಿಸಿ, ಬೆರಳ ತುದಿಯಿಂದ ಮುಟ್ಟಿ ನೋಡಿ, ಆಮೇಲೆ ಉತ್ತರ ಕೊಡುತ್ತಾರೆ.

"ಬೈಗುಳ ಅಂತ್ಲೇ ಇಟ್ಕೊಂಡಿದೀನಿ. ಉಪಕಾರ ಅಂದ್ಕೊಂಡ್ರೆ ನಾಲ್ಕು ದಿನಕ್ಕೆ ಮತ್ತೆ ಕೊಬ್ಬತ್ತೆ. ಬೈಗುಳ ಆದ್ರೆ ಸಾಯೋವರೆಗೂ ಕೈ ನೆಟ್ಟಗಿರತ್ತೆ."